ಮನಸ್ಸು ಹಿಡಿತದಲ್ಲಿರುವಾಗಲೇ ಬರೆದಿಡಬೇಕಾದ ಕಾಗದ

ಕಾಯಿಲೆ ಉಲ್ಬಣಿಸಿದ ದಿನ ಎಲ್ಲವೂ ಒಟ್ಟಿಗೇ ಮೈಮೇಲೆ ಬರುತ್ತದೆ. ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ, ಊಟ ಬಿಟ್ಟಾಗಿದೆ, ಗಾಡಿ ಹತ್ತಲು ಒಪ್ಪುತ್ತಿಲ್ಲ. ಹೇಗೋ ಆಸ್ಪತ್ರೆ ಮುಟ್ಟಿದರೆ ಅಡ್ಮಿಷನ್ ಕೌಂಟರಿನಲ್ಲಿ ಕೊಟ್ಟ ಕಾಗದಕ್ಕೆ ಮನೆಯವರು ಓದದೆ ಸಹಿ ಹಾಕುತ್ತಾರೆ. ಆ ಸಹಿ ಯಾವ ಸೆಕ್ಷನ್ನಿನ ಕೆಳಗೆ ಬಿತ್ತು, ರೋಗಿಯ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಹೋಯಿತು ಎಂಬುದೆಲ್ಲ ಆ ಗಡಿಬಿಡಿಯಲ್ಲೇ ತೀರ್ಮಾನವಾಗಿಬಿಡುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. 1987ರ ಹಳೆಯ ಕಾಯ್ದೆಯಲ್ಲಿ ರೋಗಿಯನ್ನು ಆಸ್ಪತ್ರೆಯಲ್ಲಿಡುವ ತೀರ್ಮಾನ ಮನೆಯವರು, ವೈದ್ಯರು, ಮ್ಯಾಜಿಸ್ಟ್ರೇಟ್ ನಡುವೆ ಆಗಿಹೋಗುತ್ತಿತ್ತು. ಹೊಸದು ಮೊದಲು ರೋಗಿಯ ಒಪ್ಪಿಗೆ ಕೇಳುತ್ತದೆ. ಆದರೆ ಒಪ್ಪಿಗೆ ಹೇಳುವ ಸ್ಥಿತಿಯಲ್ಲಿಲ್ಲದ ದಿನಕ್ಕಾಗಿ ಕಾಯ್ದೆ ಇಟ್ಟಿರುವ ರಕ್ಷಣೆ ಎರಡು ಕಾಗದಗಳಲ್ಲಿದೆ. ಎರಡನ್ನೂ ಚೆನ್ನಾಗಿರುವಾಗಲೇ ಬರೆದಿಡಬೇಕು. ಒಂದು, ಪ್ರತಿನಿಧಿಯನ್ನು ಹೆಸರಿಸುವ ಪತ್ರ. ಇನ್ನೊಂದು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನ.

ಮೊದಲು ಪ್ರತಿನಿಧಿಯನ್ನು ಗೊತ್ತುಮಾಡಿ

ಸೆಕ್ಷನ್ 14ರ ಪ್ರಕಾರ 18 ವರ್ಷ ತುಂಬಿದ ಯಾರೇ ಆಗಲಿ ತಮ್ಮ ಪರವಾಗಿ ನಿಲ್ಲುವ ಒಬ್ಬರನ್ನು ನಾಮನಿರ್ದೇಶನ ಮಾಡಬಹುದು. ಇದಕ್ಕೆ ಛಾಪಾ ಕಾಗದ ಬೇಡ, ವಕೀಲರೂ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಪ್ರತಿನಿಧಿಯೂ ಒಪ್ಪಿಗೆಯನ್ನು ಬರೆದೇ ಕೊಡಬೇಕು. ಈ ಎರಡನೇ ಸಹಿಯನ್ನು ಬಹಳ ಮಂದಿ ಮರೆಯುತ್ತಾರೆ. "ನನ್ನ ಪ್ರತಿನಿಧಿ ನನ್ನ ಅಕ್ಕ" ಎಂದು ಬರೆದಿಟ್ಟು ಅಕ್ಕನ ಸಹಿ ಹಾಕಿಸದಿದ್ದರೆ ಆ ಕಾಗದ ಅರ್ಧಕ್ಕೇ ನಿಂತ ಹಾಗೆ.

ಪತ್ರದಲ್ಲಿ ಇಷ್ಟಿರಲಿ: ನಿಮ್ಮ ಹೆಸರು, ವಯಸ್ಸು, ವಿಳಾಸ, ಪ್ರತಿನಿಧಿಯ ಹೆಸರು, ನಿಮಗೆ ಏನಾಗಬೇಕು, ವಿಳಾಸ, ಎರಡು ಫೋನ್ ನಂಬರು, ತಾರೀಕು, ಇಬ್ಬರ ಸಹಿ. ಕೆಳಗೆ ಪ್ರತಿನಿಧಿಯ ಕೈಬರಹದಲ್ಲೇ "ಈ ಜವಾಬ್ದಾರಿಯನ್ನು ಒಪ್ಪಿಕೊಂಡಿದ್ದೇನೆ" ಎಂಬ ಒಂದು ಸಾಲು.

ಯಾರನ್ನು ಆರಿಸಬೇಕು ಎಂಬಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಹೆಚ್ಚು ಪ್ರೀತಿಸುವವರೇ ಒಳ್ಳೆಯ ಪ್ರತಿನಿಧಿಯಾಗುತ್ತಾರೆ ಎಂದೇನಿಲ್ಲ. ವಾರ್ಡಿನಲ್ಲಿ ವೈದ್ಯರ ಎದುರು ಕೂತು ಪ್ರಶ್ನೆ ಕೇಳುವ ಧೈರ್ಯವಿದ್ದವರು, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವವರು, ನಿಮ್ಮೊಂದಿಗೆ ಜಮೀನು ಅಥವಾ ಮನೆಯ ಪಾಲಿನ ತಕರಾರು ಇಲ್ಲದವರು ಬೇಕು. ಆಸ್ತಿ ಜಗಳ ನಡೆಯುತ್ತಿರುವ ಮನೆಯಲ್ಲಿ ಅಣ್ಣತಮ್ಮಂದಿರನ್ನು ಬಿಟ್ಟು ಸ್ನೇಹಿತರನ್ನೋ ಸಹೋದ್ಯೋಗಿಯನ್ನೋ ಹೆಸರಿಸುವುದೇ ಒಳ್ಳೆಯದು. ಪ್ರತಿನಿಧಿ ನೆಂಟರೇ ಆಗಿರಬೇಕು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಬರೆದದ್ದನ್ನು ಯಾವಾಗ ಬೇಕಾದರೂ ರದ್ದುಮಾಡಿ ಬೇರೆಯವರನ್ನು ಹೆಸರಿಸಬಹುದು.

ಯಾರನ್ನೂ ಹೆಸರಿಸದಿದ್ದರೆ ಕಾಯ್ದೆಯೇ ಸಾಲು ಹಿಡಿದು ಹೋಗುತ್ತದೆ: ಮುಂಗಡ ನಿರ್ದೇಶನದಲ್ಲಿ ಹೆಸರಿದ್ದವರು, ಆಮೇಲೆ ಸಂಬಂಧಿಕರು, ಆಮೇಲೆ ನೋಡಿಕೊಳ್ಳುತ್ತಿರುವವರು, ಅವರೂ ಇಲ್ಲದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ (ಇಂಥ ತಕರಾರುಗಳನ್ನು ವಿಚಾರಿಸುವ ಮಂಡಳಿ) ನೇಮಿಸಿದವರು, ಕೊನೆಗೆ ಸಮಾಜ ಕಲ್ಯಾಣ ಇಲಾಖೆ. "ಸಂಬಂಧಿಕರು" ಎಂದರೆ ಆ ಹೊತ್ತಿಗೆ ಆಸ್ಪತ್ರೆಯಲ್ಲಿ ನಿಂತಿದ್ದ ಯಾವ ನೆಂಟರಾದರೂ ಆಗಬಹುದು. ಅದಕ್ಕೇ ಈ ಒಂದು ಹಾಳೆಯನ್ನು ಇವತ್ತೇ ಬರೆಯಿರಿ ಎನ್ನುವುದು.

ಮುಂಗಡ ನಿರ್ದೇಶನ

ನನಗೆ ಯಾವ ರೀತಿಯ ಆರೈಕೆ ಬೇಕು, ಯಾವುದು ಬೇಡ, ನನ್ನ ಪ್ರತಿನಿಧಿ ಯಾರು ಎಂಬ ಮೂರು ಸಂಗತಿಗಳನ್ನು ಮೊದಲೇ ಬರೆದಿಡುವ ಹಕ್ಕು ಸೆಕ್ಷನ್ 5ರದು. ಹಿಂದೆ ಕಾಯಿಲೆ ಬಂದಿರಲಿ, ಬರದಿರಲಿ, ವಯಸ್ಕರೆಲ್ಲರೂ ಬರೆಯಬಹುದು. ತೀರ್ಮಾನ ಮಾಡುವ ಸಾಮರ್ಥ್ಯ ನಿಮ್ಮಲ್ಲಿ ಇಲ್ಲದಿರುವ ಅವಧಿಗೆ ಮಾತ್ರ ಅದು ಅನ್ವಯಿಸುತ್ತದೆ. ಸಾಮರ್ಥ್ಯ ಮರಳಿದ ಕ್ಷಣ ನಿಮ್ಮ ಬಾಯಿಮಾತೇ ದೊಡ್ಡದು.

ಕಾಯ್ದೆಯಡಿಯ ಕೇಂದ್ರ ನಿಯಮಗಳಲ್ಲಿ ಇದಕ್ಕೆ ಸಿಆರ್-ಎ ಎಂಬ ನಮೂನೆ ಇದೆ. ಇಬ್ಬರು ಸಾಕ್ಷಿಗಳು ನಿಮ್ಮ ಎದುರೇ ಸಹಿ ಹಾಕಬೇಕು, ಹೆಸರಿಸಿದ ಪ್ರತಿನಿಧಿಯೂ ಹಾಕಬೇಕು, ಆಮೇಲೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ಸಾಕ್ಷಿಗಳಾಗಿ ಪ್ರತಿನಿಧಿಯನ್ನು ಬಿಟ್ಟು ಬೇರೆಯವರನ್ನು ಕರೆಯಿರಿ. ಮುಂದೆ ಯಾರಾದರೂ "ಅವರೇ ಬರೆಸಿಕೊಂಡರು" ಎಂದು ತಗಾದೆ ತೆಗೆದರೆ ಆಗ ಇದು ಉಪಯೋಗಕ್ಕೆ ಬರುತ್ತದೆ.

ಬರೆಯುವಾಗ ಒಂದು ವಿಷಯ ತಲೆಯಲ್ಲಿರಲಿ. ವೈದ್ಯರಿಗೋ ಮನೆಯವರಿಗೋ ನಿಮ್ಮ ನಿರ್ದೇಶನ ಒಪ್ಪಿಗೆಯಾಗದಿದ್ದರೆ ಅದನ್ನು ಸುಮ್ಮನೆ ಬದಿಗಿಡುವಂತಿಲ್ಲ. ಸೆಕ್ಷನ್ 11ರಡಿ ಮಂಡಳಿಗೆ ಅರ್ಜಿ ಹಾಕಬೇಕು. ಮಂಡಳಿ ಅಲ್ಲಿ ಐದು ಪ್ರಶ್ನೆ ಕೇಳುತ್ತದೆ: ಇದನ್ನು ಸ್ವಂತ ಇಚ್ಛೆಯಿಂದ ಬರೆದದ್ದೇ? ಈಗ ಎದುರಾಗಿರುವಂಥ ಸಂದರ್ಭಕ್ಕೇ ಬರೆದದ್ದೇ? ವಿಷಯ ತಿಳಿದು ಬರೆದದ್ದೇ? ಬರೆಯುವಾಗ ತೀರ್ಮಾನಿಸುವ ಸಾಮರ್ಥ್ಯ ಇತ್ತೇ? ಕಾನೂನಿಗೆ ವಿರುದ್ಧವಾದದ್ದು ಏನಾದರೂ ಇದೆಯೇ? ನೀವು ಬರೆಯುವ ಪ್ರತಿ ಸಾಲೂ ಈ ಐದಕ್ಕೆ ಉತ್ತರ ಕೊಡುವಂತಿದ್ದರೆ ಆ ಕಾಗದವನ್ನು ಅಲುಗಾಡಿಸುವುದು ಕಷ್ಟ.

"ನನಗೆ ಯಾವ ಮಾತ್ರೆಯೂ ಬೇಡ" ಎಂಬ ಒಂದೇ ಸಾಲಿನ ನಿರ್ದೇಶನ ಮಂಡಳಿಯ ಮುಂದೆ ನಿಲ್ಲುವುದು ಕಷ್ಟ, ಏಕೆಂದರೆ ಅದರಲ್ಲಿ ಕಾರಣವಿಲ್ಲ, ಬದಲಿ ದಾರಿಯೂ ಇಲ್ಲ. ಅದರ ಜಾಗದಲ್ಲಿ ಹೀಗಿರಲಿ:

"ನನಗೆ ಬೈಪೋಲಾರ್ ಕಾಯಿಲೆ ಇದೆ. ಹಿಂದೆ ದಾಖಲಾಗಿದ್ದಾಗ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟ ಕೆಲವು ಗಂಟೆಗಳಲ್ಲಿ ಕುತ್ತಿಗೆ ಒಂದು ಬದಿಗೆ ಸೆಟೆದುಕೊಂಡು ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅದರ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿದ್ದೇನೆ. ಆ ಔಷಧಿ ನನಗೆ ಬೇಡ. ಬೇರೆ ಔಷಧಿಯ ಬಗ್ಗೆ ಆಕ್ಷೇಪವಿಲ್ಲ. ಲಿಥಿಯಂ ನನಗೆ ಒಗ್ಗಿದೆ. ವಾಂತಿ, ಭೇದಿ ಅಥವಾ ಹಲವು ದಿನದಿಂದ ಊಟ ನೀರು ಬಿಟ್ಟಿದ್ದರೆ ರಕ್ತದಲ್ಲಿ ಅದರ ಮಟ್ಟ ನೋಡಿಯೇ ಮುಂದುವರಿಸಿ. ಇಸಿಟಿ (ತಲೆಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಬೇಕೆಂದು ಕಂಡುಬಂದರೆ ಮೊದಲು ನನ್ನ ಪ್ರತಿನಿಧಿಯ ಜೊತೆ ಮಾತಾಡಿ. ನನ್ನ ಕಚೇರಿಗೆ ನಾನು ಎಲ್ಲಿದ್ದೇನೆಂದು ತಿಳಿಸಬೇಡಿ."

ಇಲ್ಲಿ ಬೇಡವೆಂದದ್ದಕ್ಕೆ ಕಾರಣ, ದಾಖಲೆ, ಬದಲಿ ದಾರಿ ಮೂರೂ ಇವೆ. ಓದುವ ವೈದ್ಯರಿಗೂ ಇದು ಸಹಾಯವೇ, ರಾತ್ರಿ ಪಾಳಿಯ ಡಾಕ್ಟರಿಗೆ ಅಪರಿಚಿತ ರೋಗಿಯ ಇಡೀ ಪೂರ್ವಕಥೆ ಒಂದು ಹಾಳೆಯಲ್ಲಿ ಸಿಕ್ಕಂತಾಗುತ್ತದೆ. ಅಲರ್ಜಿ, ಶುಗರ್, ಬಿಪಿ, ಥೈರಾಯ್ಡ್, ಫಿಟ್ಸ್ ಇದ್ದರೆ ತಪ್ಪದೆ ಬರೆಯಿರಿ. ಗರ್ಭಿಣಿಯಾಗುವ ಸಾಧ್ಯತೆ ಇರುವ ಹೆಣ್ಣುಮಕ್ಕಳು ಅದನ್ನು ಬೇರೆ ಸಾಲಿನಲ್ಲೇ ಬರೆಯಬೇಕು, ಏಕೆಂದರೆ ವಾಲ್ಪ್ರೊಯೇಟ್‌ನಂಥ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಔಷಧಿಯ ಹೆಸರನ್ನು ಕಂಪನಿಯ ಬ್ರ್ಯಾಂಡ್ ಹೆಸರಲ್ಲಿ ಬರೆಯದೆ, ಚೀಟಿಯಲ್ಲಿರುವ ಮೂಲ ಔಷಧಿಯ ಹೆಸರಲ್ಲಿ ಬರೆಯಿರಿ.

ಕಾಯ್ದೆ ಕಡ್ಡಾಯ ಮಾಡದಿದ್ದರೂ ಒಂದು ಕೆಲಸ ಮಾಡಿಸಿಕೊಳ್ಳುವುದು ಒಳ್ಳೆಯದು. ಬರೆದ ದಿನವೇ ನಿಮ್ಮನ್ನು ನೋಡುವ ವೈದ್ಯರಿಂದ "ಇವರು ಈ ದಿನ ಸ್ವಂತ ತೀರ್ಮಾನ ಮಾಡುವ ಸ್ಥಿತಿಯಲ್ಲಿದ್ದಾರೆ" ಎಂಬ ಎರಡು ಸಾಲಿನ ಚೀಟಿ, ತಾರೀಕು ಮತ್ತು ನೋಂದಣಿ ಸಂಖ್ಯೆ ಸಹಿತ. ಐದರಲ್ಲಿ ಅತಿ ಕಷ್ಟದ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಇಷ್ಟು ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಉಪಯೋಗವಿಲ್ಲ. ಪ್ರತಿಯನ್ನು ವೈದ್ಯರಿಗೆ ಮುಟ್ಟಿಸುವ ಹೊಣೆ ಬರೆದವರದು ಮತ್ತು ಪ್ರತಿನಿಧಿಯದು. ಪ್ರತಿ ಸಿಗದಿದ್ದ ವೈದ್ಯರು ಅದರಂತೆ ನಡೆಯಲಿಲ್ಲವೆಂದು ದೂರುವಂತಿಲ್ಲ. ಐದು ಜೆರಾಕ್ಸ್ ಮಾಡಿಸಿ: ಪ್ರತಿನಿಧಿಗೆ, ಸದಾ ನೋಡುವ ವೈದ್ಯರ ಕೇಸ್ ಫೈಲಿಗೆ, ಮನೆಯ ಔಷಧಿ ಡಬ್ಬಿಗೆ, ಪರ್ಸಿಗೆ, ಮಂಡಳಿಗೆ. ಮೊಬೈಲಿನಲ್ಲಿ ಒಂದು ಫೋಟೋ ಇರಲಿ.

ತುರ್ತು ಚಿಕಿತ್ಸೆಗೆ ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು ಸೆಕ್ಷನ್ 94ರಂತೆ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಪ್ರತಿನಿಧಿ ಹತ್ತಿರದಲ್ಲಿದ್ದರೆ ಅವರ ಒಪ್ಪಿಗೆ ಕೇಳಬೇಕು. ತುರ್ತಿನ ಹೆಸರಲ್ಲಿ ಇಸಿಟಿ ಕೊಡುವಂತಿಲ್ಲ.

ದಾಖಲಾಗುವ ದಿನ ಕೇಳಬೇಕಾದ ಒಂದೇ ಪ್ರಶ್ನೆ

"ಇದು 86ರ ಅಡ್ಮಿಷನ್ನೋ, 89ರ ಅಡ್ಮಿಷನ್ನೋ?"

ಸೆಕ್ಷನ್ 86 ಎಂದರೆ ಸ್ವತಂತ್ರ ದಾಖಲಾತಿ. ರೋಗಿ ತಾನೇ ಕೇಳಿಕೊಂಡು, ತಾನೇ ಸಹಿ ಹಾಕಿ ಒಳಗೆ ಬಂದವರು. ಸಾಧ್ಯವಿದ್ದಷ್ಟೂ ಎಲ್ಲ ದಾಖಲಾತಿಯೂ ಹೀಗೇ ಆಗಬೇಕು ಎನ್ನುತ್ತದೆ ಕಾಯ್ದೆ. ಒಪ್ಪಿಗೆಯಿಲ್ಲದೆ ಇವರಿಗೆ ಚಿಕಿತ್ಸೆ ಕೊಡುವಂತಿಲ್ಲ. ಹೋಗುತ್ತೇನೆಂದರೆ ಬಿಡಬೇಕು. ಅಪಾಯದ ಲಕ್ಷಣಗಳಿದ್ದರೆ ಮಾತ್ರ 89ರ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು.

89 ಎಂದರೆ ಬೆಂಬಲಿತ ದಾಖಲಾತಿ. ಇಲ್ಲಿ ಅರ್ಜಿ ಕೊಡುವವರು ಪ್ರತಿನಿಧಿ. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಒಬ್ಬರು ಮನೋವೈದ್ಯರೇ ಆಗಿರಬೇಕು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು. ಪರೀಕ್ಷೆ ಆ ದಿನ ಅಥವಾ ಹಿಂದಿನ ಏಳು ದಿನದೊಳಗೆ ನಡೆದಿರಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆ ಅಥವಾ ಯತ್ನ, ಬೇರೆಯವರ ಮೇಲೆ ಹಿಂಸೆ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಿದ್ದಿರುವುದು, ಈ ಮೂರರಲ್ಲಿ ಒಂದಾದರೂ ಕಂಡಿರಬೇಕು. ಮಿತಿ 30 ದಿನ.

ಎರಡರ ನಡುವೆ ನಡೆಯುವ ಎಡವಟ್ಟು ಎರಡು ಬಗೆಯದು. ಒಂದು, ರೋಗಿ ಮಾತಿನಲ್ಲಿ ಸರಿಯಾಗಿದ್ದು ಒಪ್ಪಿಯೂ ಇರುತ್ತಾರೆ, ಆದರೂ ಜೊತೆಗೆ ಬಂದವರ ಸಹಿ ತೆಗೆದುಕೊಂಡು 89ಕ್ಕೆ ಹಾಕುತ್ತಾರೆ. ಹೊರಗೆ ಹೋಗುವ ಹಕ್ಕನ್ನು ಅವರು ಕಾರಣವಿಲ್ಲದೆ ಕಳೆದುಕೊಂಡಂತಾಯಿತು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಒಪ್ಪದವರನ್ನು ಒಳಗೆ ತಂದು "ಸ್ವತಂತ್ರ" ಎಂದು ದಾಖಲಿಸಿ ಬಾಗಿಲು ಹಾಕುವುದು. ಆಗ ಮಂಡಳಿಗೆ ವರದಿ ಹೋಗುವುದೇ ಇಲ್ಲ, ಯಾರೂ ಬಂದು ನೋಡುವುದೂ ಇಲ್ಲ. ಸಹಿ ಹಾಕುವ ಮುಂಚೆ ಕಾಗದದ ತಲೆಬರಹ ಓದಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ರೋಗಿಯ ನಿರ್ಧಾರ ಬೇರೆಯವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ತೀರ್ಮಾನಿಸುವ ಸಾಮರ್ಥ್ಯವೇ ಇಲ್ಲವೆನ್ನುವಂತಿಲ್ಲ ಎಂದು ಸೆಕ್ಷನ್ 4 ಬಿಡಿಸಿ ಹೇಳಿದೆ. "ಬುದ್ಧಿ ನೆಟ್ಟಗಿದ್ದರೆ ಹೀಗೆ ಮಾಡುತ್ತಿದ್ದರಾ" ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ.

ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕುಡಿತ ಬಿಡಿಸುವ ಕೇಂದ್ರಗಳಿಗೂ ನೋಂದಣಿ ಬೇಕು, ಒಪ್ಪದವರನ್ನು ಗಾಡಿ ತಂದು ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುವಂತಿಲ್ಲ. ದುಡ್ಡು ಕಟ್ಟುವ ಮುಂಚೆ ನೋಂದಣಿ ಪತ್ರ ಕೇಳಿ ನೋಡಿ.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

89ರಲ್ಲಿ ದಾಖಲಾಗಿದ್ದರೆ ಆ ದಿನಕ್ಕೆ ಒಂದು ಸುತ್ತು ಹಾಕಿ ಎಣಿಸಲು ಶುರುಮಾಡಿ. ಹೆಂಗಸರಾದರೆ ಮೂರು ದಿನದೊಳಗೆ, ಗಂಡಸರಾದರೆ ಏಳು ದಿನದೊಳಗೆ ಆಸ್ಪತ್ರೆ ಮಂಡಳಿಗೆ ವರದಿ ಕಳಿಸಿರಬೇಕು. ಕಳಿಸಿದ ತಾರೀಕು ಕೇಳಿ ಬರೆದುಕೊಳ್ಳಿ. ಪ್ರತಿ ಏಳು ದಿನಕ್ಕೊಮ್ಮೆ ಸಾಮರ್ಥ್ಯ ಮರಳಿದೆಯೇ ಎಂದು ವೈದ್ಯರು ನೋಡಿ ಕೇಸ್ ಶೀಟಿನಲ್ಲಿ ಬರೆಯಬೇಕು. ಮರಳಿದ್ದರೆ 89 ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಉಳಿಯಬೇಕೆಂದರೆ ರೋಗಿಯ ಸ್ವಂತ ಸಹಿ ಬೇಕು.

30ನೇ ದಿನ ದಾಟಬೇಕಾದರೆ ಸೆಕ್ಷನ್ 90. ಅದಕ್ಕೆ ಇಬ್ಬರು ಮನೋವೈದ್ಯರ ಪರೀಕ್ಷೆ, ಮಂಡಳಿಯ ಒಪ್ಪಿಗೆ ಎರಡೂ ಬೇಕು. ಮೊದಲ ಸಲ 90 ದಿನ, ಎರಡನೇ ಸಲ 120, ಆಮೇಲೆ ಪ್ರತಿ ಸಲ 180. ಡಿಸ್ಚಾರ್ಜ್ ಆದ ಏಳು ದಿನದೊಳಗೆ ಮತ್ತೆ ದಾಖಲಿಸಿದರೂ 90ರ ನಿಯಮವೇ ಅನ್ವಯ. 29ನೇ ದಿನ ಬಿಟ್ಟು 31ನೇ ದಿನ ಹೊಸ 89 ಎಂದು ಬರೆಯುವ ಜಾಣತನ ನಡೆಯದಂತೆ ಮಾಡಿದ ಏರ್ಪಾಡು ಇದು.

18 ತುಂಬದ ಮಕ್ಕಳನ್ನು ಸೇರಿಸಿಕೊಳ್ಳುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ದೊಡ್ಡವರ ವಾರ್ಡಿನಲ್ಲಿ ಇರಿಸುವಂತಿಲ್ಲ, ಪ್ರತಿನಿಧಿ ಜೊತೆಗಿರಬೇಕು, 72 ಗಂಟೆಯೊಳಗೆ ಮಂಡಳಿಗೆ ತಿಳಿಸಬೇಕು.

ಏನನ್ನು ಯಾರೂ ಮಾಡುವಂತಿಲ್ಲ

ಸರಪಳಿ ಹಾಕುವಂತಿಲ್ಲ. ಆಸ್ಪತ್ರೆಯಲ್ಲಿ, ಆಶ್ರಮದಲ್ಲಿ, ದೇವಸ್ಥಾನದ ಆವರಣದಲ್ಲಿ, ಎಲ್ಲಿಯೂ, ಯಾವ ರೂಪದಲ್ಲೂ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವಂತಿಲ್ಲ. ಕಾಯಿಲೆಯ ನೆಪದಲ್ಲಿ ಸಂತಾನಹರಣ ಚಿಕಿತ್ಸೆ ಮಾಡುವಂತಿಲ್ಲ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಹಾಕಿಕೊಳ್ಳುತ್ತೇನೆಂದರೆ ತಡೆಯುವಂತಿಲ್ಲ. ಕೈಕಾಲು ಕಟ್ಟಬೇಕಾದ ಸ್ಥಿತಿ ಬಂದರೆ, ಬೇರೆ ಯಾವ ಉಪಾಯವೂ ಇಲ್ಲದಾಗ ಮನೋವೈದ್ಯರ ಅನುಮತಿಯಿಂದ ಮಾತ್ರ. 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು. ಮಣಿಕಟ್ಟಿನ ಮೇಲೆ ಗುರುತು ಕಂಡರೆ ಕೇಸ್ ಶೀಟಿನಲ್ಲಿ ಯಾವ ಹೊತ್ತಿಗೆ ಕಟ್ಟಿದರು, ಯಾವಾಗ ಬಿಚ್ಚಿದರು, ಯಾರು ಅನುಮತಿ ಕೊಟ್ಟರು ಎಂದಿದೆಯೇ ಕೇಳಿ.

ಬೀದಿಯಲ್ಲಿ ಅಲೆಯುತ್ತಿರುವವರನ್ನು ಪೊಲೀಸರು ಕರೆದೊಯ್ದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಔಷಧಿ, ಖರ್ಚು

ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಉಚಿತ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸೇವೆಯೇ ಉಚಿತ, ಬಿಪಿಎಲ್ ಕಾರ್ಡು ಕೈಯಲ್ಲಿ ಇಲ್ಲದಿದ್ದರೂ ಸರಿ, ಮನೆಮಠ ಇಲ್ಲದವರಿಗೂ ಸರಿ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ 2014ರಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಬಸ್ ಹತ್ತುವ ಮುಂಚೆ ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆಂದು ವಿಚಾರಿಸಿ. ಮಾತಾಡಲು ಯಾರೂ ಇಲ್ಲದ ರಾತ್ರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ.

"ಸ್ಟಾಕ್ ಇಲ್ಲ" ಎಂದು ಔಷಧಿ ಕೌಂಟರಿನಲ್ಲಿ ಹೇಳಿದರೆ ಸುಮ್ಮನೆ ಹೊರಗಿನ ಅಂಗಡಿಗೆ ಹೋಗಬೇಡಿ. ಚೀಟಿಯ ಹಿಂದೆಯೇ "ಲಭ್ಯವಿಲ್ಲ" ಎಂದು ಬರೆಸಿ ತಾರೀಕು ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ಸಾಲಿನ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಪಡೆಯಿರಿ. ಲಿಥಿಯಂ, ಕ್ಲೋಜಪಿನ್‌ನಂಥ ಔಷಧಿ ನಾಲ್ಕು ದಿನ ತಪ್ಪಿದರೂ ಕಾಯಿಲೆ ಮರಳಿ ಬರುವ ಭಯವಿದೆ. ಅದರಲ್ಲೂ ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸಿನಲ್ಲೇ ತಾವಾಗಿ ಶುರುಮಾಡಬಾರದು, ವೈದ್ಯರು ಮತ್ತೆ ಸಣ್ಣ ಡೋಸಿನಿಂದ ಏರಿಸಬೇಕಾಗುತ್ತದೆ.

ವಿಮೆ ಮಾಡಿಸಿದ್ದರೆ, ದೈಹಿಕ ಕಾಯಿಲೆಗೆ ಯಾವ ಷರತ್ತಿದೆಯೋ ಮಾನಸಿಕ ಕಾಯಿಲೆಗೂ ಅದೇ ಷರತ್ತು ಇರಬೇಕು ಎಂಬುದು ಸೆಕ್ಷನ್ 21.

ಮಂಡಳಿಗೆ ಅರ್ಜಿ

ಪರಿಶೀಲನಾ ಮಂಡಳಿಯಲ್ಲಿ ಆರು ಜನ: ಅಧ್ಯಕ್ಷರಾಗಿ ಜಿಲ್ಲಾ ನ್ಯಾಯಾಧೀಶರು ಅಥವಾ ಆ ಅರ್ಹತೆಯವರು, ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯರು, ಒಬ್ಬ ವೈದ್ಯರು, ಮತ್ತು ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವವರು ಅಥವಾ ಸ್ವಯಂಸೇವಾ ಸಂಸ್ಥೆಯವರಲ್ಲಿ ಇಬ್ಬರು. ನಿಮ್ಮ ಜಿಲ್ಲೆಯ ಮಂಡಳಿಯ ವಿಳಾಸ ಗೊತ್ತಿಲ್ಲದಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಅಲ್ಲಿ ಆಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಉಚಿತ ವಕೀಲರನ್ನು ಕೊಡುವವರೂ ಅವರೇ. ಅವರ ಸಹಾಯವಾಣಿ 15100.

ರೋಗಿ, ಪ್ರತಿನಿಧಿ, ಅಥವಾ ರೋಗಿಯ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆಯವರು ಅರ್ಜಿ ಹಾಕಬಹುದು. ಶುಲ್ಕವಿಲ್ಲ. ಒಳಗಿರುವ ರೋಗಿ ವಿಶೇಷ ಸಂದರ್ಭದಲ್ಲಿ ಬಾಯಿಮಾತಿನಲ್ಲಿ, ಫೋನಿನಲ್ಲಿ ಹೇಳಿದರೂ ಮಂಡಳಿ ತೆಗೆದುಕೊಳ್ಳಬಹುದು. ಮಂಡಳಿಗೆ ಬರೆಯುವ ಪತ್ರವನ್ನು ಆಸ್ಪತ್ರೆ ತಡೆಯುವಂತಿಲ್ಲ.

ಅರ್ಜಿ ಒಂದೇ ಪುಟವಿರಲಿ. ಅಳಲನ್ನೆಲ್ಲ ತೋಡಿಕೊಳ್ಳಬೇಕು ಎನಿಸುವುದು ಸಹಜ, ಆದರೆ ಮಂಡಳಿಗೆ ಬೇಕಾದದ್ದು ತಾರೀಕುಗಳು. "ಇಂಥ ದಿನ ಇಷ್ಟು ಹೊತ್ತಿಗೆ ಸೆಕ್ಷನ್ 89ರಡಿ ದಾಖಲಿಸಿದ್ದಾರೆ. ಪರೀಕ್ಷಿಸಿದವರು ಒಬ್ಬರೇ ವೈದ್ಯರು. ಮುಂಗಡ ನಿರ್ದೇಶನದ ಪ್ರತಿಯನ್ನು ಇಂಥ ದಿನ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಆದರೂ ಅದರಲ್ಲಿ ಬೇಡವೆಂದ ಔಷಧಿ ಕೊಡುತ್ತಿದ್ದಾರೆ. ದಾಖಲಾತಿಯನ್ನು ಪರಿಶೀಲಿಸಿ ಬಿಡುಗಡೆಗೆ ಆದೇಶಿಸಬೇಕೆಂದು ಕೋರುತ್ತೇನೆ." ಕೊನೆಯ ವಾಕ್ಯ ಇರಲೇಬೇಕು. ನಡೆದದ್ದನ್ನೆಲ್ಲ ಹೇಳಿ ಏನು ಬೇಕೆಂದು ಕೇಳದೆ ಬಿಟ್ಟ ಅರ್ಜಿಯನ್ನು ಓದಿದವರು ಏನು ಆದೇಶ ಮಾಡಬೇಕು? ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ದೂರದಲ್ಲಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

89ರ ದಾಖಲಾತಿಯನ್ನು ಪ್ರಶ್ನಿಸಿದರೆ ಏಳು ದಿನದಲ್ಲಿ, 90ರದ್ದಾದರೆ 21 ದಿನದಲ್ಲಿ, ಉಳಿದವು 90 ದಿನದಲ್ಲಿ ಇತ್ಯರ್ಥವಾಗಬೇಕು. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ, ಹೊರಗಿನವರು ಇರುವುದಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಓಡಬೇಕಿಲ್ಲ, ಜಿಲ್ಲೆಯನ್ನು ನೋಡಿಕೊಂಡು ಧಾರವಾಡ ಅಥವಾ ಕಲಬುರಗಿ ಪೀಠದಲ್ಲೇ ಸಲ್ಲಿಸಬಹುದು. 30 ದಿನ ಎಣಿಸುವಾಗ ತಗಾದೆ ಬಾರದಂತೆ ಆದೇಶದ ಪ್ರತಿ ಕೈಗೆ ಬಂದ ತಾರೀಕನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಿ.